ಮೊದಲ ಕಿರುಚಿತ್ರ ಮುಗಿಸುವುದು ಹೇಗೆ: 50 ಸೆಕೆಂಡಿನಿಂದ 9 ನಿಮಿಷದವರೆಗೆ

ಸಿನಿಮಾ ಕಲಿಯುತ್ತಿರುವ ಯಾರದಾದರೂ ಹಾರ್ಡ್ ಡಿಸ್ಕ್ ತೆಗೆದು ನೋಡಿ. ಚಂದದ ಶಾಟ್‌ಗಳು ತುಂಬಿರುತ್ತವೆ. ಮಳೆ ಹನಿ ಜಾರುವ ಕಿಟಕಿ, ಬಸ್ಸಿನ ಕನ್ನಡಿಯಲ್ಲಿ ಕಂಡ ಸೂರ್ಯ, ಸ್ಲೋ ಮೋಷನ್‌ನಲ್ಲಿ ಹಾರುವ ಪಾರಿವಾಳ. ಪೂರ್ತಿ ಮುಗಿದ ಫಿಲ್ಮ್ ಮಾತ್ರ ಒಂದೂ ಸಿಗುವುದಿಲ್ಲ. ನನ್ನ ಡಿಸ್ಕೂ ಹಾಗೇ ಇತ್ತು. ಎರಡು ವರ್ಷ ಸಿಕ್ಕಿದ್ದೆಲ್ಲ ಶೂಟ್ ಮಾಡಿದೆ, ಒಂದನ್ನೂ ಮುಗಿಸಲಿಲ್ಲ.

ಕೊನೆಯ ಸೆಮಿಸ್ಟರ್‌ನಲ್ಲಿ ಐದು ಜನ ಸೇರಿ ಒಂದು ಕಿರುಚಿತ್ರ ಮಾಡಿದೆವು. ನಮ್ಮ ಸಿನಿಮಾದವರು ಶೂಟಿಂಗ್ ಮುಗಿದ ದಿನ ಕುಂಬಳಕಾಯಿ ಒಡೆಯುತ್ತಾರಲ್ವಾ, ನಾವೂ ಒಡೆದೆವು, ಫೋಟೋ ಹಾಕಿದೆವು, ಎಲ್ಲರೂ ಶುಭಾಶಯ ಹೇಳಿದರು. ಅದಾದ ಮೇಲೆ ಫಿಲ್ಮ್ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಶೂಟ್ ಮಾಡುವುದು ಅಭ್ಯಾಸವಾಗಿತ್ತು, ಮುಗಿಸುವ ಅಭ್ಯಾಸ ಯಾರಿಗೂ ಇರಲಿಲ್ಲ. ಆ ಏಳು ತಿಂಗಳು ನಿಮಗೆ ಎರಡು ತಿಂಗಳಾದರೂ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಒಂದು ಫೋನ್ ಅಥವಾ ಸಾಲ ತಂದ ಕ್ಯಾಮೆರಾ, ಜೊತೆಗೆ ನಾಲ್ಕು ಜನ ಇದ್ದರೆ ಸಾಕು.

ಹಂತ 1: ಚಿಕ್ಕದನ್ನು ಮಾಡಿ, ಆದರೆ ಪೂರ್ತಿ ಮುಗಿಸಿ

1895ರಲ್ಲಿ ಪ್ಯಾರಿಸ್‌ನಲ್ಲಿ ಲುಮಿಯೇರ್ ಸೋದರರು ಜನರಿಗೆ ತೋರಿಸಿದ ಫಿಲ್ಮ್‌ಗಳು ಒಂದೊಂದೂ ಸುಮಾರು 50 ಸೆಕೆಂಡಿನವು. ರೀಲು ಇದ್ದದ್ದೇ ಅಷ್ಟು. ಕ್ಯಾಮೆರಾ ಒಂದು ಕಡೆ ನಿಲ್ಲಿಸಿ ತಿರುಗಿಸುವುದು, ಅಷ್ಟೇ. ನಿಮ್ಮ ಮೊದಲ ಅಭ್ಯಾಸವೂ ಅದೇ ಆಗಲಿ. ಒಂದೇ ಜಾಗ, ಒಂದೇ ಶಾಟ್, 50 ಸೆಕೆಂಡ್. ಕ್ಯಾಮೆರಾ ಅಲ್ಲಾಡಬಾರದು. ಶುರುವಿನಲ್ಲಿ ಇದ್ದದ್ದು ಕೊನೆಗೆ ಸ್ವಲ್ಪವಾದರೂ ಬದಲಾಗಿರಬೇಕು. ಹಿಟ್ಟಿನ ಮಿಲ್ಲಿನ ಮುಂದೆ ಡಬ್ಬಗಳ ಸಾಲು ಇದೆ ಅಂದುಕೊಳ್ಳಿ. ಯಾರೋ ಬಂದು ತಮ್ಮ ಡಬ್ಬವನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಾರೆ. ಮುಗಿಯಿತು, ಅದೊಂದು ಕಥೆ.

ಇಲ್ಲಿಗೆ ನಿಲ್ಲಿಸಬೇಡಿ. ಅದಕ್ಕೊಂದು ಹೆಸರು ಕೊಡಿ. ಶಬ್ದ ಸರಿ ಮಾಡಿ. ಎಕ್ಸ್‌ಪೋರ್ಟ್ ಮಾಡಿ ಗೆಳೆಯರಲ್ಲದ ಒಬ್ಬರಿಗೆ ತೋರಿಸಿ. ಇಂಥವು ಐದು ಮುಗಿಸಿದ ಮೇಲೆ ಮುಂದಿನ ಅಭ್ಯಾಸ. ಒಬ್ಬರು ಬಾಗಿಲು ತೆಗೆದು ಒಳಗೆ ಬಂದು, ಕೂತು, ನೀರು ಕುಡಿಯುವುದನ್ನು ಆರೇಳು ಶಾಟ್‌ಗಳಲ್ಲಿ ತೆಗೆಯಿರಿ. ಕಟ್ ಮಾಡಿದ್ದು ಗೊತ್ತೇ ಆಗಬಾರದು. ಲೋಟ ಬಲಗೈಯಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲಿ ಎಡಗೈಗೆ ಹೋಗಿರುತ್ತದೆ. ಹೋಗಿಯೇ ಹೋಗಿರುತ್ತದೆ! ಕಂಟಿನ್ಯೂಟಿ ಅಂದರೇನು ಅಂತ ಕಲಿಸಲು ಆ ಒಂದು ಲೋಟ ಸಾಕು.

ಮೂರನೆಯದು ಇಬ್ಬರ ಮಾತು. ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಕೊಡುತ್ತಿಲ್ಲ. ಒಂದು ನಿಮಿಷ. ಅಮ್ಮ ಮತ್ತು ಮಗ ಟೇಬಲ್‌ನ ಎರಡು ಕಡೆ ಕೂತಿದ್ದಾರೆ. ಅಮ್ಮನ ಮೂಗಿನಿಂದ ಮಗನ ಮೂಗಿಗೆ ಒಂದು ದಾರ ಕಟ್ಟಿದ್ದೀರಿ ಅಂದುಕೊಳ್ಳಿ. ಕ್ಯಾಮೆರಾ ಆ ದಾರದ ಒಂದೇ ಬದಿಯಲ್ಲಿ ಓಡಾಡಬೇಕು. ದಾಟಿದರೆ ಸ್ಕ್ರೀನಿನಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಿದ್ದಂತೆ ಕಾಣುತ್ತದೆ, ಮಾತು ಯಾರಿಗೆ ಹೇಳುತ್ತಿದ್ದಾರೋ ಗೊತ್ತಾಗುವುದಿಲ್ಲ. ಓದುವಾಗ ಇದು ಸುಲಭ. ಸೆಟ್‌ನಲ್ಲಿ ಐದು ಜನ ಐದು ಮಾತು ಹೇಳುವಾಗ ತಲೆ ಕೆಡುತ್ತದೆ. ನಾವು ನಿಜವಾಗಿಯೂ ಒಂದು ದಾರವನ್ನು ಟೇಪ್ ಹಾಕಿ ನೆಲಕ್ಕೆ ಅಂಟಿಸಿಬಿಟ್ಟಿದ್ದೆವು. ನಾಚಿಕೆ ಏನಿಲ್ಲ.

ಹಂತ 2: ಕಥೆ ಆರಿಸುವುದು

ಮೈಸೂರಿನ ಚಿದಾನಂದ ಎಸ್. ನಾಯ್ಕ್ ಎಂಬಿಬಿಎಸ್ ಓದಿದವರು. ಆಮೇಲೆ ಪುಣೆಯ ಫಿಲ್ಮ್ ಇನ್ಸ್‌ಟಿಟ್ಯೂಟ್‌ನಲ್ಲಿ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸ್ ಸೇರಿದರು. ಅಲ್ಲಿ ವರ್ಷದ ಕೊನೆಗೆ ಅವರು ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಬಂತು. 16 ನಿಮಿಷದ ಫಿಲ್ಮ್. ಶೂಟಿಂಗ್ ನಾಲ್ಕೇ ದಿನ. ಕಥೆ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದೇ: ಒಬ್ಬ ಮುದುಕಿ ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ಬೆಳಕೇ ಆಗುವುದಿಲ್ಲ.

ಜನಪದ ಕಥೆಯಲ್ಲಿ ನಮ್ಮಂಥವರಿಗೆ ಇನ್ನೊಂದು ಅನುಕೂಲ ಇದೆ. ಅದು ಯಾರ ಸ್ವತ್ತೂ ಅಲ್ಲ. ಒಬ್ಬ ಲೇಖಕರು ತಮ್ಮ ರೀತಿಯಲ್ಲಿ ಬರೆದು ಪ್ರಿಂಟ್ ಮಾಡಿಸಿದ ರೂಪ ಮಾತ್ರ ಅವರದು, ಅದನ್ನು ಮುಟ್ಟಬೇಡಿ. ಪ್ರಸಿದ್ಧ ಕಥೆಗಾರರ ಕಥೆ ಎತ್ತಿಕೊಳ್ಳುವವರು ಇದನ್ನು ಗಮನಿಸಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಹಾಗಾಗಿ 2046 ಮುಗಿಯುವವರೆಗೆ ಹಕ್ಕುದಾರರ ಅನುಮತಿ ಬೇಕು. ಕುವೆಂಪು ಅವರದಾದರೆ 2054ರವರೆಗೆ. ‘ಕಾಲೇಜ್ ಪ್ರಾಜೆಕ್ಟ್ ಅಲ್ವಾ, ಯಾರು ಕೇಳ್ತಾರೆ’ ಅಂತ ಎಲ್ಲರೂ ಅನ್ನುತ್ತಾರೆ. ಕಾಲೇಜಿನ ಒಳಗೇ ತೋರಿಸಿದರೆ ಬಹುಶಃ ಯಾರೂ ಕೇಳುವುದಿಲ್ಲ. ಫೆಸ್ಟಿವಲ್‌ಗೆ ಕಳಿಸುವ ದಿನ ಅರ್ಜಿಯಲ್ಲಿ ಕೇಳುತ್ತಾರೆ. ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಿ, ಒಂದು ಪತ್ರ ಸಾಕು. ಎಷ್ಟೋ ಕುಟುಂಬದವರು ವಿದ್ಯಾರ್ಥಿಗಳಿಗೆ ಖುಷಿಯಿಂದಲೇ ಕೊಡುತ್ತಾರೆ.

ನಮ್ಮ ಕಥೆ ಇಷ್ಟೇ. ಹಾಸ್ಟೆಲ್‌ನಲ್ಲಿರುವ ಹುಡುಗ ಹೇಳದೆ ಕೇಳದೆ ಅರಸೀಕೆರೆಯ ಮನೆಗೆ ಬರುತ್ತಾನೆ. ಅವನ ರೂಮನ್ನು ಅಮ್ಮ ಬಾಡಿಗೆಗೆ ಕೊಟ್ಟಿದ್ದಾಳೆ. ಒಂದು ಮನೆ, ಮೂರು ಜನ, ಒಂದು ಸಂಜೆ. ಇಂಥ ಕಥೆ ಆರಿಸಲು ಕಾರಣ ಮನೆ ನಮ್ಮ ಯೂನಿಟ್‌ನವನದೇ ಆಗಿತ್ತು, ಬಾಡಿಗೆ ಕೊಡಬೇಕಿರಲಿಲ್ಲ. ಮೊದಲ ಫಿಲ್ಮ್‌ಗೆ ಕೈಯಲ್ಲಿ ಏನಿದೆ ಅಂತ ಪಟ್ಟಿ ಮಾಡಿ, ಅದರೊಳಗಿಂದ ಕಥೆ ಹುಡುಕಿ. ರಾತ್ರಿ ಹೊತ್ತಿನ ರಸ್ತೆ, ಮಳೆ, ಚಿಕ್ಕ ಮಕ್ಕಳು, ನಾಯಿ, ಮದುವೆ ಮನೆ, ಇವೆಲ್ಲ ಎರಡನೇ ಫಿಲ್ಮ್‌ಗೆ ಇರಲಿ.

ಹಂತ 3: ಸ್ಕ್ರಿಪ್ಟ್‌ಗೆ ಕತ್ತರಿ

ನಮ್ಮ ಮೊದಲ ಸ್ಕ್ರಿಪ್ಟ್ 22 ಪುಟ ಇತ್ತು. ಅಪ್ಪ ಸತ್ತ ಫ್ಲ್ಯಾಶ್‌ಬ್ಯಾಕ್, ಬಾಲ್ಯದ ಗೆಳತಿ, ಕೊನೆಗೊಂದು ಕನಸು. ಎಲ್ಲವೂ ಹೋಯಿತು. ಏನು ತೆಗೆಯಬೇಕು ಅಂತ ಗೊತ್ತಾಗದಿದ್ದರೆ ಒಂದು ಪರೀಕ್ಷೆ ಇದೆ. ಕಥೆಯನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುವ ಹಾಗೆ ಎರಡು ನಿಮಿಷದಲ್ಲಿ ಹೇಳಿ, ರೆಕಾರ್ಡ್ ಮಾಡಿಕೊಳ್ಳಿ. ಹೇಳುವಾಗ ನೀವು ಮರೆತದ್ದು ಯಾವುದೋ ಅದು ಫಿಲ್ಮ್‌ಗೂ ಬೇಡ.

ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷ್ ಸ್ಕ್ರಿಪ್ಟ್ ಫಾರ್ಮ್ಯಾಟ್‌ಗೆ ಹುಟ್ಟಿದ್ದು. ಕನ್ನಡದಲ್ಲಿ ಫಾಂಟ್, ಸಾಲಿನ ಅಂತರ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅದನ್ನು ನಂಬಬೇಡಿ. ಸ್ಟಾಪ್‌ವಾಚ್ ಹಿಡಿದು ಜೋರಾಗಿ ಓದಿ. ಸುಮ್ಮನೆ ಕೂರುವ ಜಾಗದಲ್ಲಿ ನಿಜವಾಗಿಯೂ ಸುಮ್ಮನೆ ಕೂತು ನೋಡಿ.

ಮಾತಿನ ಬಗ್ಗೆ ಒಂದೇ ಮಾತು. ಅರಸೀಕೆರೆಯ ಅಮ್ಮ ಪುಸ್ತಕದ ಕನ್ನಡ ಮಾತಾಡುವುದಿಲ್ಲ, ಧಾರಾವಾಹಿಯ ಕನ್ನಡವನ್ನೂ ಮಾತಾಡುವುದಿಲ್ಲ. ಅಲ್ಲಿನವರಿಗೇ ಓದಿ ತೋರಿಸಿ. ‘ನಾವು ಹಿಂಗನ್ನಲ್ಲ’ ಅಂತ ಅವರು ಹೇಳಿದ ಕಡೆಯೆಲ್ಲ ಗೆರೆ ಎಳೆಯಿರಿ.

ಹಂತ 4: ಜಾಗ ನೋಡುವುದಷ್ಟೇ ಅಲ್ಲ, ಕೇಳುವುದು

ಲೊಕೇಶನ್ ನೋಡಲು ಹೋದಾಗ ಎಲ್ಲರೂ ಫೋಟೋ ತೆಗೆಯುತ್ತಾರೆ. ನೀವು ಕಣ್ಣು ಮುಚ್ಚಿ ಐದು ನಿಮಿಷ ನಿಲ್ಲಿ, ಫೋನ್‌ನಲ್ಲಿ ಶಬ್ದ ರೆಕಾರ್ಡ್ ಮಾಡಿಕೊಳ್ಳಿ. ಶೂಟಿಂಗ್ ಯಾವ ಹೊತ್ತಿಗೋ ಅದೇ ಹೊತ್ತಿಗೆ ಹೋಗಿ. ಅರಸೀಕೆರೆ ಜಂಕ್ಷನ್ ಊರು, ಮನೆ ಸ್ಟೇಷನ್‌ಗೆ ಹತ್ತಿರ. ನಾವು ನೋಡಲು ಹೋದದ್ದು ಮಧ್ಯಾಹ್ನ, ಶೂಟ್ ಇಟ್ಟದ್ದು ಸಂಜೆ. ಸಂಜೆ ಒಂದರ ಹಿಂದೊಂದು ರೈಲು. ಎರಡನೇ ದಿನ ಟೈಮ್‌ಟೇಬಲ್ ಗೋಡೆಗೆ ಅಂಟಿಸಿ ಅದರ ನಡುವೆ ಟೇಕ್ ತೆಗೆದೆವು. ಗೂಡ್ಸ್ ರೈಲಿಗೆ ಟೈಮ್‌ಟೇಬಲ್ ಇಲ್ಲ ಅನ್ನುವುದು ಮೂರನೇ ದಿನ ಗೊತ್ತಾಯಿತು.

ಅನುಮತಿ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ರೈಲ್ವೆ ಸ್ಟೇಷನ್ ಒಳಗೆ ಶೂಟ್ ಮಾಡಲು ರೈಲ್ವೆಯ ಅನುಮತಿ ಬೇಕು, ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಅವರದು ಬೇಕು, ಕಾಡಿಗೆ ಅರಣ್ಯ ಇಲಾಖೆಯದು ಬೇಕು. ಫೋನ್‌ನಲ್ಲಿ ತೆಗೆದರೆ ಯಾರೂ ಕೇಳಲ್ಲ ಅನ್ನುವವರು ಟ್ರೈಪಾಡ್ ನಿಲ್ಲಿಸಿ ನೋಡಲಿ. ಖಾಸಗಿ ಮನೆಯಾದರೂ ಪಕ್ಕದ ಎರಡು ಮನೆಗೆ ಮೊದಲೇ ಹೋಗಿ ಹೇಳಿ ಬನ್ನಿ. ಟೇಕ್ ಮಧ್ಯೆ ಅವರ ಕುಕ್ಕರ್ ಕೂಗಿದಾಗ ಆ ಪರಿಚಯ ಕೆಲಸಕ್ಕೆ ಬರುತ್ತದೆ.

ಹಂತ 5: ಶಾಟ್ ಡಿವಿಷನ್, ಊಟ, ದಿನದ ಲೆಕ್ಕ

ಶಾಟ್ ಪಟ್ಟಿಯನ್ನು ಮೂರು ಬಣ್ಣದಲ್ಲಿ ಬರೆಯಿರಿ. ಇದಿಲ್ಲದೆ ಕಥೆಯೇ ನಿಲ್ಲುವುದಿಲ್ಲ ಅನ್ನುವುದು ಕೆಂಪು. ಇದ್ದರೆ ಒಳ್ಳೆಯದು ಅನ್ನುವುದು ನೀಲಿ. ಟೈಮ್ ಉಳಿದರೆ ಅನ್ನುವುದು ಹಸಿರು. ಬೆಳಗ್ಗೆ ಮೊದಲು ಕೆಂಪು ಮುಗಿಸಿ. ನಾವು ಮೊದಲ ದಿನಕ್ಕೆ 34 ಶಾಟ್ ಬರೆದಿದ್ದೆವು, ಆದದ್ದು 13. ಅದರಲ್ಲಿ ಮೂರು ನಾಗಂದಿಗೆ ಮೇಲಿನ ಹಿತ್ತಾಳೆ ಪಾತ್ರೆಗಳ ಕ್ಲೋಸಪ್. ಬಹಳ ಚಂದ ಬಂದಿವೆ. ಒಂದೂ ಫಿಲ್ಮ್‌ನಲ್ಲಿ ಇಲ್ಲ.

ದುಡ್ಡಿನ ವಿಷಯ. ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಜಾಸ್ತಿ ಹೋಗುತ್ತದೆ ಅಂದುಕೊಂಡಿದ್ದೆವು. ಊಟ ಮತ್ತು ಓಡಾಟಕ್ಕೇ ಅರ್ಧ ಹೋಯಿತು. ಹೋಗಲಿ. ದುಡ್ಡು ಕೊಡದೆ ಜನರನ್ನು ಕರೆಸಿದ್ದೀರಿ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಹಾಕುವುದು ನಿಮ್ಮ ಜವಾಬ್ದಾರಿ. ಚಿತ್ರಾನ್ನ ಒಂದು ದಿನ ನಡೆಯುತ್ತದೆ, ಮೂರು ದಿನವೂ ಚಿತ್ರಾನ್ನ ಆದರೆ ಯೂನಿಟ್ ಮುಖ ಸಿಂಡರಿಸುತ್ತದೆ. ಊಟದ ಉಸ್ತುವಾರಿಗೆ ಬೇರೆಯೇ ಒಬ್ಬರಿರಲಿ, ಡೈರೆಕ್ಟರ್ ಆ ಕೆಲಸ ಮಾಡಬಾರದು.

ಹಂತ 6: ಕ್ಯಾಮೆರಾ ಮತ್ತು ಬೆಳಕು

ಕ್ಯಾಮೆರಾ ಬಗ್ಗೆ ಹೇಳುವುದು ಕಡಿಮೆ ಇದೆ. ಇಂಟರ್ನೆಟ್ ತುಂಬ ಅದೇ ಇದೆಯಲ್ಲ. ಎರಡು ಮೂರು ಸಂಗತಿ ಮಾತ್ರ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್ ಕೆಳಗೆ ಶಟರ್ ವೇಗ ಸೆಕೆಂಡಿನ 1/50 ಇಟ್ಟರೆ ಬೆಳಕು ಪಟಪಟ ಬಡಿಯುವುದಿಲ್ಲ, ಸೆಕೆಂಡಿಗೆ 25 ಫ್ರೇಮ್ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಫೋನ್‌ನ ಸ್ವಂತ ಕ್ಯಾಮೆರಾ ಆ್ಯಪ್ ಫ್ರೇಮ್ ರೇಟನ್ನು ತಾನೇ ಹೆಚ್ಚುಕಡಿಮೆ ಮಾಡುತ್ತಿರುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್ ಹಾಕಿಕೊಂಡು ಫ್ರೇಮ್ ರೇಟ್, ಶಟರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಎರಡು ಬೇರೆ ಬೇರೆ ಫೋನ್ ಬಳಸುವುದಾದರೆ ಎರಡರಲ್ಲೂ ಒಂದೇ ಸೆಟ್ಟಿಂಗ್ ಇದೆಯಾ ಅಂತ ದಿನಾ ಬೆಳಗ್ಗೆ ನೋಡಿ.

ಬೆಳಕಿಗೆ ದುಡ್ಡು ಬೇಡ, ಗೋಡೆ ಕಡೆ ನೋಡುವ ಕಣ್ಣು ಬೇಕು. 1959ರಲ್ಲಿ ಬಂದ ಭಾರತದ ಮೊದಲ ಸಿನೆಮಾಸ್ಕೋಪ್ (ಅಗಲ ಪರದೆಯ) ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೋದ ಕತ್ತಲೆಯೊಳಗೆ ಮೇಲಿನಿಂದ ಕಂಬದಂತೆ ಇಳಿಯುವ ಬೆಳಕು ಇದೆ. ಅದನ್ನು ಮಾಡಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದವರು. ಅದು ದೊಡ್ಡ ಲೈಟ್ ಅಲ್ಲ. ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಒಳಗೆ ತಿರುಗಿಸಿದ್ದು.

ನಮ್ಮ ಅಡುಗೆಮನೆ ಸೀನ್‌ಗೂ ಬೆಳಕು ಬಂದದ್ದು ಅಲಮಾರಿಯ ಕನ್ನಡಿಯಿಂದ. ಕನ್ನಡಿಯನ್ನು ಅಂಗಳದಲ್ಲಿ ಇಟ್ಟು, ಬಿಸಿಲನ್ನು ಕಿಟಕಿಯೊಳಗೆ ಹಾಯಿಸಿ, ಕಿಟಕಿಗೆ ಬಿಳಿ ಪಂಚೆ ಕಟ್ಟಿದೆವು. ಎದುರು ಗೋಡೆಗೆ ಒಂದು ಥರ್ಮಾಕೋಲ್ ಶೀಟ್. ತೊಂದರೆ ಒಂದೇ, ಸೂರ್ಯ ನಿಲ್ಲುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಒಬ್ಬ ಹೊರಗೆ ಕೂತು ಕನ್ನಡಿ ತಿರುಗಿಸಬೇಕಾಯಿತು. ಅವನಿಗೆ ಟೈಟಲ್‌ನಲ್ಲಿ ‘ಸೂರ್ಯ’ ಅಂತ ಕ್ರೆಡಿಟ್ ಕೊಟ್ಟಿದ್ದೇವೆ. ಸಂಜೆ ಬಣ್ಣದ ಆಕಾಶ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಉಪಯೋಗಕ್ಕೆ ಬರುವ ಬೆಳಕು ಇಪ್ಪತ್ತು ನಿಮಿಷ ಚಿಲ್ಲರೆ. ಒಂದೆರಡು ಶಾಟ್‌ಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಹಂತ 7: ಶಬ್ದ, ಅಂದರೆ ನಾವು ನಿಜವಾಗಿ ಸೋತ ಜಾಗ

ಚಿತ್ರ ಸ್ವಲ್ಪ ಮಸುಕಾಗಿದ್ದರೆ ನೋಡುವವರು ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಫೋನ್ ತೆಗೆಯುತ್ತಾರೆ. ಇದು ನನಗೆ ಥಿಯರಿಯಾಗಿ ಗೊತ್ತಿತ್ತು.

ಮೊದಲ ದಿನ ಅಮ್ಮನ ಪಾತ್ರಕ್ಕೆ ರೇಷ್ಮೆ ಸೀರೆ ಉಡಿಸಿದೆವು, ಸಂಜೆ ದೇವಸ್ಥಾನಕ್ಕೆ ಹೊರಟವರು ಅಂತ ಕಥೆ. ಕಾಲರ್ ಮೈಕನ್ನು ಸೆರಗಿನ ಒಳಗೆ ಮುಚ್ಚಿಟ್ಟೆವು. ಹೆಡ್‌ಫೋನ್ ಹಾಕಿಕೊಂಡು ಕೇಳಬೇಕಾದವನು ಲೈಟ್ ಹಿಡಿಯಲು ಹೋಗಿದ್ದ. ರಾತ್ರಿ ಕೂತು ಕೇಳಿದರೆ ಪ್ರತಿ ಮಾತಿನ ಜೊತೆ ಸರ್ ಸರ್, ಯಾರೋ ಪಕ್ಕದಲ್ಲಿ ಚಿಪ್ಸ್ ಪ್ಯಾಕೆಟ್ ಹಿಸುಕಿದ ಹಾಗೆ. ಒಂದು ಇಡೀ ದಿನದ ಮಾತು ಹೋಯಿತು. ರೇಷ್ಮೆ, ಪಾಲಿಸ್ಟರ್ ಎರಡೂ ಮೈಕಿಗೆ ಶತ್ರು. ಹತ್ತಿ ಬಟ್ಟೆ ಇರಲಿ. ಅಥವಾ ಮೈಕನ್ನು ಕೋಲಿಗೆ ಕಟ್ಟಿ ಫ್ರೇಮ್‌ಗೆ ತಾಗದಷ್ಟು ಹತ್ತಿರ, ತಲೆಯ ಮೇಲಿನಿಂದ ಬಾಯಿಯ ಕಡೆ ಹಿಡಿಯಿರಿ. ಆಮೇಲೆ ಹಾಸ್ಟೆಲ್ ರೂಮಿನಲ್ಲಿ ಕಂಬಳಿಗಳನ್ನು ನೇತುಹಾಕಿ ಆ ಸೀನ್‌ಗಳನ್ನು ಡಬ್ಬಿಂಗ್ ಮಾಡಿಸಿದೆವು. ಅಮ್ಮನ ಪಾತ್ರ ಮಾಡಿದವರು ಪಾಪ ಅದಕ್ಕಾಗಿ ಮೈಸೂರಿಗೆ ಎರಡು ಸಲ ಬಂದು ಹೋದರು.

ಸೌಂಡ್ ನೋಡಿಕೊಳ್ಳುವವನಿಗೆ ಬೇರೆ ಕೆಲಸ ಕೊಡಲೇಬೇಡಿ. ಅವನ ಕಿವಿಯ ಮೇಲೆ ಹೆಡ್‌ಫೋನ್ ಸದಾ ಇರಬೇಕು, ‘ಒನ್ ಮೋರ್’ ಕೇಳುವ ಹಕ್ಕು ಅವನಿಗೂ ಇರಬೇಕು. ರೆಕಾರ್ಡರ್ 48 ಕಿಲೋಹರ್ಟ್ಸ್‌ನಲ್ಲಿ ಇರಲಿ. ಜೋರಾಗಿ ಮಾತಾಡಿದಾಗ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿಗೆ ಬರಲಿ, ಸೊನ್ನೆ ಮುಟ್ಟಿದರೆ ಒಡೆದ ಶಬ್ದವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡುವುದಿಲ್ಲ. ಪ್ರತಿ ಟೇಕ್‌ಗೂ ಕ್ಲಾಪ್ ಹೊಡೆಯಿರಿ, ಬೋರ್ಡ್ ಇಲ್ಲದಿದ್ದರೆ ಫ್ರೇಮ್‌ನೊಳಗೆ ಚಪ್ಪಾಳೆ ತಟ್ಟಿ ಸೀನ್ ನಂಬರ್ ಹೇಳಿ. ಚಿತ್ರಕ್ಕೂ ಶಬ್ದಕ್ಕೂ ತಾಳೆ ಹಾಕುವಾಗ (ಸಿಂಕ್) ಆ ಚಪ್ಪಾಳೆಗೆ ಕೈ ಮುಗಿಯುತ್ತೀರಿ.

ಟೇಕ್‌ಗೆ ಮೊದಲು ಫ್ಯಾನ್ ಆಫ್, ನೀರಿನ ಮೋಟಾರ್ ಆಫ್, ಫ್ರಿಜ್ ಆಫ್. ಫ್ರಿಜ್ ಆಫ್ ಮಾಡಿದಾಗ ನಿಮ್ಮ ಬೈಕ್ ಕೀಯನ್ನು ಅದರೊಳಗೆ ಇಡಿ. ಮನೆಗೆ ಹೊರಡುವಾಗ ಕೀ ಹುಡುಕುತ್ತೀರಿ, ಫ್ರಿಜ್ ಆನ್ ಮಾಡುವುದು ನೆನಪಾಗುತ್ತದೆ. ಇದು ಎಲ್ಲ ಕಡೆಯ ಸೌಂಡ್‌ನವರೂ ಮಾಡುವ ಹಳೇ ಉಪಾಯ. ಮಾಡದಿದ್ದರೆ ಮನೆಯವರ ಹಾಲು ಒಡೆಯುತ್ತದೆ, ಮರುದಿನ ಬಾಗಿಲು ತೆಗೆಯುವುದಿಲ್ಲ.

ಇನ್ನೊಂದು. ಪ್ರತಿ ರೂಮಿನಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷ ಬರೀ ಆ ರೂಮಿನ ಮೌನ ರೆಕಾರ್ಡ್ ಮಾಡಿ. ಮೌನಕ್ಕೂ ಶಬ್ದ ಇರುತ್ತದೆ, ಅಡುಗೆಮನೆಯ ಮೌನ ಬೇರೆ, ನಡುಮನೆಯದೇ ಬೇರೆ. ಮಾತಿನ ನಡುವೆ ಕಟ್ ಮಾಡಿದಾಗ ಉಳಿಯುವ ತೂತನ್ನು ತುಂಬಲು ಇದು ಬೇಕು.

ಹಂತ 8: ನಟರ ಜೊತೆ

ನಮ್ಮ ರಾಜ್ಯದಲ್ಲಿ ಒಂದು ಪುಣ್ಯ ಇದೆ, ಯಾವ ತಾಲ್ಲೂಕಿಗೆ ಹೋದರೂ ನಾಟಕ ಮಾಡಿದವರು ಸಿಗುತ್ತಾರೆ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು, ಮೈಸೂರಿನ ರಂಗಾಯಣದ ಶಿಬಿರಕ್ಕೆ ಹೋಗಿ ಬಂದವರು, ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಕಲಿಸುವ ಮೇಷ್ಟ್ರು. ನಮ್ಮ ಅಮ್ಮನ ಪಾತ್ರಕ್ಕೆ ಸಿಕ್ಕವರು ನಿವೃತ್ತ ಟೀಚರ್. ಹವ್ಯಾಸಿ ನಾಟಕಗಳಲ್ಲಿ ಮಾಡಿದ್ದವರು. ಮೊದಲ ದಿನ ಕೊನೆಯ ಬೆಂಚಿಗೂ ಕೇಳುವ ಹಾಗೆ ಮಾತಾಡಿದರು. ‘ಸಣ್ಣಗೆ ಮಾಡಿ’ ಅಂದರೆ ದನಿ ಇಳಿಸಿದರು, ಮುಖ ಇಳಿಯಲಿಲ್ಲ. ಆಮೇಲೆ ಅವರ ಕೈಗೆ ನಿಜವಾದ ಕೆಲಸ ಕೊಟ್ಟೆವು, ಅವರೆಕಾಳು ಬಿಡಿಸುತ್ತಾ ಮಾತಾಡಿ ಅಂದೆವು. ಸರಿಹೋಯಿತು. ‘ದುಃಖದಿಂದ ಹೇಳಿ’ ಅನ್ನಬೇಡಿ, ಮಾಡಲು ಏನಾದರೂ ಕೊಡಿ.

ಇನ್ನು ನನ್ನ ದೊಡ್ಡ ತಪ್ಪು. ಮಗ ಬಾಗಿಲಿಗೆ ಬಂದು ನಿಲ್ಲುವ ಶಾಟ್. ಅಮ್ಮ ತಲೆ ಎತ್ತಿ ‘ಬಾರೋ, ಇದೇನು ಹೇಳದೆ ಬಂದುಬಿಟ್ಟೆ’ ಅನ್ನಬೇಕು. ಮೂರನೇ ಟೇಕ್‌ನಲ್ಲಿ ಟೀಚರ್ ತಲೆ ಎತ್ತಿ, ‘ಬನ್ನಿ’ ಅಂದುಬಿಟ್ಟರು. ಅದಕ್ಕೂ ಮುಂಚೆ ಬಾಡಿಗೆಯವನ ಪಾತ್ರದ ಜೊತೆ ಸೀನ್ ಮಾಡಿದ್ದರಲ್ಲ, ಅವನಿಗೆ ‘ಬನ್ನಿ’ ಅಂದದ್ದು ಬಾಯಲ್ಲೇ ಉಳಿದಿತ್ತು. ತಪ್ಪು ಗೊತ್ತಾಗಿ ಕಾಳು ಬಿಡಿಸುತ್ತಿದ್ದ ಕೈ ನಿಂತಿತು. ನಾನು ‘ಕಟ್’ ಅಂದೆ. ಪಟ್ಟಿಯಲ್ಲಿ ಎನ್‌ಜಿ (‘ನೋ ಗುಡ್’, ಅಂದರೆ ಬೇಡದ ಟೇಕ್) ಅಂತ ಬರೆಸಿದೆ. ಐದನೇ ಟೇಕ್‌ನಲ್ಲಿ ‘ಬಾರೋ’ ಸರಿಯಾಗಿ ಬಂತು, ಓಕೆ ಮಾಡಿದೆ.

ಕಟ್ ಹೇಳುವ ಮುಂಚೆ ಮನಸ್ಸಿನಲ್ಲಿ ಐದು ಎಣಿಸಿ. ಈ ಮಾತು ಯಾಕೆ ಹೇಳಿದೆ ಅಂತ ಎಡಿಟಿಂಗ್ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 9: ಕಾರ್ಡ್ ಖಾಲಿ ಮಾಡುವ ಮುಂಚೆ

ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಒಂದು ಗಂಟೆಗೆ 45 ಜಿಬಿ. ಮೂರು ದಿನದ ಲೆಕ್ಕ ಮೊದಲೇ ಹಾಕಿ. ಎರಡು ಡಿಸ್ಕ್‌ಗೆ ಕಾಪಿ ಆಗಿ, ಎರಡನ್ನೂ ತೆರೆದು ಪ್ಲೇ ಮಾಡಿ ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಎರಡೂ ಡಿಸ್ಕ್ ಒಂದೇ ಬ್ಯಾಗಿನಲ್ಲಿ ಇರಬಾರದು. ಬ್ಯಾಗ್ ಬಸ್ಸಿನಲ್ಲಿ ಮರೆತುಹೋಗುತ್ತದೆ. ಇಷ್ಟೇ.

ಹಂತ 10: ಎಡಿಟಿಂಗ್

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಮೊದಲ ಫಿಲ್ಮ್‌ಗೆ ಧಾರಾಳ ಸಾಕು. ಎಡಿಟಿಂಗ್, ಸೌಂಡ್, ಬಣ್ಣ ಮೂರೂ ಅದರಲ್ಲೇ ಇದೆ.

ಮೊದಲು ಎಲ್ಲವನ್ನೂ ನೋಡಿ. ಓಕೆ ಟೇಕ್ ಮಾತ್ರ ಅಲ್ಲ, ಎನ್‌ಜಿ ಕೂಡ. ನೋಡುವಾಗ ಏನನ್ನೂ ಕತ್ತರಿಸಬೇಡಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ನಾನು ಇದನ್ನು ಮಾಡಲಿಲ್ಲ. ಓಕೆ ಟೇಕ್‌ಗಳನ್ನೇ ಜೋಡಿಸಿದೆ, 17 ನಿಮಿಷ ಬಂತು, ನೋಡಲು ಆಗುತ್ತಿರಲಿಲ್ಲ. ಅಮ್ಮ ‘ನಿನ್ ರೂಮು ಬಾಡಿಗೆಗೆ ಕೊಟ್ಟಿದ್ದೀವಿ ಕಣೋ’ ಅನ್ನುತ್ತಾಳೆ, ಮಗ ‘ಒಂದ್ ಮಾತು ಹೇಳ್ಬಾರ್ದಿತ್ತಾ’ ಅನ್ನುತ್ತಾನೆ, ಅಮ್ಮ ಕಷ್ಟ ಹೇಳಿಕೊಳ್ಳುತ್ತಾಳೆ. ಎಲ್ಲವನ್ನೂ ಬಾಯಲ್ಲೇ ಹೇಳಿಬಿಟ್ಟಿದ್ದೆವು. ನಾಲ್ಕು ತಿಂಗಳು ಆ ಪ್ರಾಜೆಕ್ಟ್ ತೆರೆಯಲಿಲ್ಲ.

ಎಡಿಟ್ ಮಾಡಲು ಕೊನೆಗೆ ಜೂನಿಯರ್ ಹುಡುಗಿಯೊಬ್ಬಳನ್ನು ಕೂರಿಸಿದೆವು. ಅವಳು ಶೂಟಿಂಗ್‌ಗೆ ಬಂದಿರಲಿಲ್ಲ, ಯಾವ ಶಾಟ್‌ಗೆ ಎಷ್ಟು ಕಷ್ಟಪಟ್ಟೆವು ಅನ್ನುವುದು ಅವಳಿಗೆ ಗೊತ್ತಿಲ್ಲ. ಅದೇ ಒಳ್ಳೆಯದಾಯಿತು. ಎರಡನೇ ದಿನ ಫೋನ್ ಮಾಡಿ, ‘ಸೀನ್ ಎರಡು, ಟೇಕ್ ಮೂರು ನೋಡಿದ್ದೀರಾ ಅಣ್ಣಾ?’ ಅಂದಳು. ಅಮ್ಮ ತನ್ನ ಮಗನಿಗೇ ‘ಬನ್ನಿ’ ಅನ್ನುತ್ತಾಳೆ. ಕೈ ನಿಲ್ಲುತ್ತದೆ. ನನ್ನ ‘ಕಟ್’ ಅನ್ನುವ ದನಿ ಅಷ್ಟರಲ್ಲೇ ಬಂದಿದೆ, ಹದಿನಾಲ್ಕು ಫ್ರೇಮ್ ಮಾತ್ರ ಬಾಕಿ. ಅವಳು ಆ ಫ್ರೇಮ್‌ಗಳನ್ನು ನಿಧಾನ ಮಾಡಿ, ರೂಮಿನ ಮೌನ ತಂದು ಹಾಕಿ, ಮಗನ ಮುಖಕ್ಕೆ ಕಟ್ ಮಾಡಿದ್ದಳು. ಇಡೀ ಕಥೆ ಅಲ್ಲೇ ಇತ್ತು. ನಾನು ಐದು ಎಣಿಸಿದ್ದರೆ ಆ ಕೈ ಮತ್ತೆ ಕಾಳಿನ ಕಡೆ ಹೋಗುವುದೂ ಸಿಕ್ಕಿರುತ್ತಿತ್ತು.

ಅದು ಸಿಕ್ಕ ಮೇಲೆ ಮಾತುಗಳೆಲ್ಲ ತಾವಾಗಿ ಬಿದ್ದವು. ಬಾಗಿಲಲ್ಲಿ ಗುರುತಿಲ್ಲದ ಒಂದು ಜೊತೆ ಶೂ, ತಂತಿಯ ಮೇಲೆ ಯಾರದೋ ಟವಲ್. ಬಾಡಿಗೆ ಅನ್ನುವ ಶಬ್ದ ಫಿಲ್ಮ್‌ನಲ್ಲಿ ಒಂದು ಸಲವೂ ಬರುವುದಿಲ್ಲ. 17 ನಿಮಿಷ 9 ಆಯಿತು.

ರಫ್ ಕಟ್, ಅಂದರೆ ಇನ್ನೂ ತಿದ್ದಬೇಕಾದ ಕಚ್ಚಾ ಎಡಿಟ್ ತೋರಿಸುವಾಗ ಒಂದು ವಿಷಯ. ‘ಹೇಗಿದೆ’ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ‘ಏನು ನಡೀತು, ಕಥೆ ಹೇಳಿ’ ಅಂತ ಕೇಳಿ. ಅವರು ತಪ್ಪು ಹೇಳಿದರೆ ವಾದ ಮಾಡಬೇಡಿ, ಬರೆದುಕೊಳ್ಳಿ. ಫಿಲ್ಮ್ ಓಡುವಾಗ ಸ್ಕ್ರೀನ್ ನೋಡಬೇಡಿ, ಅವರನ್ನು ನೋಡಿ. ಯಾವ ನಿಮಿಷದಲ್ಲಿ ಕೂತಲ್ಲಿ ಅಲ್ಲಾಡಿದರು, ಯಾವಾಗ ಫೋನ್ ಕಡೆ ಕೈ ಹೋಯಿತು, ಅಲ್ಲಿ ಕತ್ತರಿ ಹಾಕಿ.

ಹಂತ 11: ಸಂಗೀತ, ಬಣ್ಣ, ಸಬ್‌ಟೈಟಲ್

ಸಿನಿಮಾ ಹಾಡು ಹಾಕಬೇಡಿ. ನೀವು ಹಾಕದಿದ್ದರೂ ಅದು ಬಂದಿರುತ್ತದೆ. ನಮ್ಮ ಒಂದು ಶಾಟ್‌ನ ಹಿಂದೆ ಹೋಗುತ್ತಿದ್ದ ಟೆಂಪೋದಲ್ಲಿ ಹಾಡು ಕೇಳಿಸುತ್ತದೆ. ಯೂಟ್ಯೂಬ್‌ನ ಯಂತ್ರಕ್ಕೆ ಅಷ್ಟು ಸಾಕು, ಕಾಪಿರೈಟ್ ಕ್ಲೇಮ್ ಬರುತ್ತದೆ. ಆ ಹತ್ತು ಸೆಕೆಂಡ್ ಶಬ್ದವನ್ನು ತೆಗೆದು ಹೊಸದಾಗಿ ಕಟ್ಟಬೇಕಾಯಿತು. ಕೊನೆಗೆ ನಮ್ಮ ಫಿಲ್ಮ್‌ನಲ್ಲಿ ಸಂಗೀತವೇ ಇಲ್ಲ, ರೈಲುಗಳಿವೆ. ಮೂರು ದಿನ ಬೈದುಕೊಂಡ ಅದೇ ರೈಲುಗಳು.

ಬಣ್ಣದ ಕೆಲಸದಲ್ಲಿ ಮೊದಲು ಶಾಟ್‌ಗಳನ್ನು ಒಂದಕ್ಕೊಂದು ಹೊಂದಿಸಿ. ಮುಖದ ಬಣ್ಣ ಎಲ್ಲ ಶಾಟ್‌ನಲ್ಲೂ ಒಂದೇ ಮನುಷ್ಯನದು ಅನ್ನಿಸಿದರೆ ಸಾಕು. ಕಿತ್ತಳೆ ನೀಲಿ ಮಾಡುವ ಆಸೆ ಬರುತ್ತದೆ, ಒಂದು ರಾತ್ರಿ ಮಲಗಿ ಎದ್ದರೆ ಹೋಗುತ್ತದೆ.

ಹೊರಗಿನ ಫೆಸ್ಟಿವಲ್‌ಗೆ ಇಂಗ್ಲಿಷ್ ಸಬ್‌ಟೈಟಲ್ ಬೇಕೇ ಬೇಕು. ಒಂದು ಸಲಕ್ಕೆ ಎರಡು ಸಾಲು, ಸಾಲಿಗೆ ಸುಮಾರು 40 ಅಕ್ಷರ ಮೀರಬಾರದು. ನಮಗೆ ಇಲ್ಲಿ ದೊಡ್ಡ ತಲೆನೋವು ಬಂತು. ‘ಬನ್ನಿ’ ಮತ್ತು ‘ಬಾ’ ಎರಡಕ್ಕೂ ಇಂಗ್ಲಿಷ್‌ನಲ್ಲಿ ಒಂದೇ ಶಬ್ದ. ಕನ್ನಡದವರಿಗೆ ಎದೆಗೆ ತಾಗುವುದು ಬೇರೆಯವರಿಗೆ ಕಾಣುವುದೇ ಇಲ್ಲ. ಕೊನೆಗೆ ಬಾಡಿಗೆಯವನನ್ನು ಕರೆಯುವಾಗ ಬಳಸಿದ ‘ಸರ್’ ಸಮೇತದ ಸಾಲನ್ನೇ ಮಗನಿಗೂ ಹಾಕಿದೆವು. ಅಮ್ಮ ‘ಸರ್’ ಅಂದಿಲ್ಲ. ಅಂದದ್ದರ ಅರ್ಥ ಅದೇ.

ಹಂತ 12: ಕಳಿಸುವುದು

ಮುಗಿದ ತಕ್ಷಣ ಯೂಟ್ಯೂಬ್‌ಗೆ ಹಾಕಬೇಡಿ. ಎಷ್ಟೋ ಫೆಸ್ಟಿವಲ್‌ಗಳು ಆನ್‌ಲೈನ್‌ನಲ್ಲಿ ಆಗಲೇ ಇರುವ ಫಿಲ್ಮ್ ತೆಗೆದುಕೊಳ್ಳುವುದಿಲ್ಲ. ಪಾಸ್‌ವರ್ಡ್ ಇರುವ ಲಿಂಕ್ ಮಾಡಿಟ್ಟುಕೊಳ್ಳಿ. ಫಿಲ್ಮ್‌ಫ್ರೀವೇ ತಾಣದಲ್ಲಿ ಒಂದೇ ಅರ್ಜಿಯಿಂದ ಹಲವು ಕಡೆ ಕಳಿಸಬಹುದು. ಆದರೆ ಅಲ್ಲಿ ಹೆಸರೇ ಕೇಳದ, ತಿಂಗಳಿಗೊಮ್ಮೆ ಬಹುಮಾನ ಹಂಚುವ ಫೆಸ್ಟಿವಲ್‌ಗಳೂ ಬೇಕಾದಷ್ಟಿವೆ, ಫೀಸ್ ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕಳಿಸುತ್ತವೆ. ನಿಜವಾಗಿ ಥಿಯೇಟರ್‌ನಲ್ಲಿ ಜನ ಕೂರಿಸಿ ತೋರಿಸುವಂಥವನ್ನು ಆರಿಸಿ. ಬೆಂಗಳೂರಿನ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ, ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಉತ್ಸವ, ಇವುಗಳ ದಿನಾಂಕ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಬೇಗ ಕಳಿಸಿದರೆ ಫೀಸ್ ಕಡಿಮೆ. ವಿದ್ಯಾರ್ಥಿ ವಿಭಾಗ ಇದ್ದರೆ ಕಾಲೇಜಿನಿಂದ ಪತ್ರ ಬೇಕಾಗುತ್ತದೆ, ಪಾಸಾಗಿ ಹೊರಬೀಳುವ ಮುಂಚೆಯೇ ಅದನ್ನು ತೆಗೆದಿಟ್ಟುಕೊಳ್ಳಿ. ನಮ್ಮ ಫಿಲ್ಮ್ ಆರು ಕಡೆ ಹೋಯಿತು, ಎರಡು ಕಡೆ ತೋರಿಸಿದರು.

ಇದೆಲ್ಲದಕ್ಕಿಂತ ಮೊದಲು ಕೆಲಸ ಮಾಡಿದವರಿಗೆ ತೋರಿಸಿ. ಲಿಂಕ್ ಕಳಿಸುವುದಲ್ಲ, ಹೋಗಿ ತೋರಿಸಿ. ನಾವು ಪೆನ್‌ಡ್ರೈವ್ ಹಿಡಿದು ಅರಸೀಕೆರೆಗೆ ಹೋದೆವು. ಟೀಚರ್ ಪಕ್ಕದ ಮನೆಯವರನ್ನೂ ಕರೆದಿದ್ದರು, ಟಿವಿ ಮುಂದೆ ಹದಿನೈದು ಜನ. ಬಾಗಿಲಿನ ಶಾಟ್ ಬಂತು. ‘ಬನ್ನಿ’ ಅಂದದ್ದು ಕೇಳಿಸಿತು. ಅವರು ತಟ್ಟನೆ ನನ್ನ ಕಡೆ ತಿರುಗಿದರು.

‘ಅಯ್ಯೋ, ಅದು ತಪ್ಪಾಗಿತ್ತಲ್ಲೋ. ತೆಗೀಲೇ ಇಲ್ವಾ?’